ಪ್ರಯೋಗಾಲಯದ ಬಾಗಿಲು

1933ರಲ್ಲಿ ಕಮಲಾ ಭಾಗವತ್ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಅರ್ಜಿ ಹಾಕಿದರು. ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಒಪ್ಪಲಿಲ್ಲ, ಕಾರಣ ಕಮಲಾ ಹೆಣ್ಣು ಎಂಬುದೊಂದೇ. ಕಮಲಾ ಹಿಂದೆ ಸರಿಯಲಿಲ್ಲ. ಒಂದು ವರ್ಷ ಪರೀಕ್ಷಾರ್ಥವಾಗಿ ಎಂಬ ಷರತ್ತಿನ ಮೇಲೆ ಪ್ರವೇಶ ಸಿಕ್ಕಿತು. ಅದೇ ಕಮಲಾ ಮುಂದೆ ಕೇಂಬ್ರಿಜ್‌ನಲ್ಲಿ ಪಿಎಚ್.ಡಿ. ಪಡೆದರು, ನೀರಾ ಪಾನೀಯದ ಪೌಷ್ಟಿಕಾಂಶಗಳನ್ನು ಶೋಧಿಸಿದರು. ಗಂಡುಮಕ್ಕಳಿಗಿಲ್ಲದ ಷರತ್ತು ಆ ಹುಡುಗಿಗೆ ಮಾತ್ರ ಏಕೆ? ಎಷ್ಟು ದೊಡ್ಡ ವಿಜ್ಞಾನಿ ಹಾಕಿದ್ದರೂ ಅದು ಅನ್ಯಾಯವೇ.

ಹತ್ತು ವರ್ಷದ ನಂತರ ಅದೇ ಸಂಸ್ಥೆಗೆ ನಮ್ಮ ನಾಡಿನ ರಾಜೇಶ್ವರಿ ಬಂದರು. ಅವರ ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಓದಿದ ಅಜ್ಜಿಯಿದ್ದ ಮನೆಯಲ್ಲಿ ಮೊಮ್ಮಗಳ ಕನಸಿಗೆ ಅಡ್ಡಿಯಿರಲಿಲ್ಲ. ಅಮೆರಿಕದ ಮಿಷಿಗನ್‌ನಲ್ಲಿ ಪಿಎಚ್.ಡಿ. ಮುಗಿಸಿ, 1953ರಲ್ಲಿ ರಾಜೇಶ್ವರಿ ಚಟರ್ಜಿ ಬೆಂಗಳೂರಿನ ಅದೇ ಸಂಸ್ಥೆಗೆ ಮರಳಿ ಅಧ್ಯಾಪಕಿಯಾದರು; ಪತಿಯೊಂದಿಗೆ ಮೈಕ್ರೋವೇವ್ ಪ್ರಯೋಗಾಲಯ ಕಟ್ಟಿ, ವಿಭಾಗದ ಮುಖ್ಯಸ್ಥೆಯೂ ಆದರು.

ಎಲ್ಲ ಮನೆಗಳಲ್ಲೂ ಅಂಥ ಅಜ್ಜಿ ಇರುವುದಿಲ್ಲ.

ನರಗುಂದ ತಾಲೂಕಿನ ಕೊಣ್ಣೂರು ಮಲಪ್ರಭಾ ದಂಡೆಯ ಊರು. 2019ರ ಆಗಸ್ಟ್‌ನಲ್ಲಿ ನೆರೆ ಕಂಡಿದೆ. ಇಂಥ ಊರಿನ ರೈತರ ಮಗಳು ಎಂ.ಎಸ್ಸಿ. ಓದಬೇಕೆಂದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದತ್ತ ನೋಡುತ್ತಾಳೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನ ಟಿಕೆಟ್ ಚಿಂತೆ ತಪ್ಪಿದೆ. ಆದರೆ ಪ್ರಯೋಗಗಳು ಸಂಜೆಯಾಚೆಗೂ ನಡೆಯುತ್ತವೆ. ಹಾಸ್ಟೆಲಿನಲ್ಲೊಂದು ಕೋಣೆ, ತಿಂಗಳು ತಪ್ಪದ ವಿದ್ಯಾರ್ಥಿವೇತನ, ಕನ್ನಡ ಮಾಧ್ಯಮದಿಂದ ಬಂದವಳ ಪ್ರಶ್ನೆಗೆ ನಗದ ಮೇಷ್ಟ್ರು ಆಕೆಗೆ ಬೇಕು.