ಅಳಿಸುವ ಮುನ್ನ ಒಮ್ಮೆ ಕೇಳಿ

(ಮುಂಬಯಿಯಲ್ಲಿ ಸಂಘದ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಪಠ್ಯ)



ಕನ್ನಡದ ಅಳಿವು ಉಳಿವು, ಗಡಿ, ಅನುವಾದ ಎಂದು ಮಾತನಾಡುವ ಈ ವೇದಿಕೆಯಲ್ಲಿ ಹಳೆಯ ಧ್ವನಿಸುರುಳಿಗಳ ವ್ಯಾಪಾರಕ್ಕೇನು ಕೆಲಸ ಎಂದು ಕೆಲವರಿಗೆ ಅನ್ನಿಸಿರಬಹುದು. ಕೆಲಸವಿದೆ. ನಮ್ಮ ಕೆಲವು ತರುಣರು ಈಚೆಗೆ ಸ್ಪೂಲ್ ಟೇಪ್‌ರೆಕಾರ್ಡರೊಂದನ್ನು ದುರಸ್ತಿ ಮಾಡಿಸಿ, ಚೋರ್ ಬಜಾರಿನಿಂದ ಹಳೆಯ ಸುರುಳಿಗಳನ್ನು ತಂದು, ಅವುಗಳ ಮೇಲೆ ತಮ್ಮ ಹಾಡುಗಳನ್ನು ಮುದ್ರಿಸತೊಡಗಿದ್ದಾರೆ. ಉತ್ಸಾಹ ಮೆಚ್ಚತಕ್ಕದ್ದೇ. ಹೊಸ ಟೇಪು ತಯಾರಿಸುವವರು ಈಗ ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಮಂದಿ. ಅಮೆರಿಕದ ಕ್ವಾಂಟೆಜಿ ಕಾರ್ಖಾನೆ 2005ರ ಆರಂಭದಲ್ಲಿ ಕೆಲಸ ನಿಲ್ಲಿಸಿದಾಗ ದೊಡ್ಡ ಸ್ಟುಡಿಯೋಗಳೇ ಗಾಬರಿಗೊಂಡಿದ್ದವು. ಆಮದಾದ ಹೊಸ ಸುರುಳಿಯ ಬೆಲೆ ವಿದ್ಯಾರ್ಥಿಗಳಿಗೆ ಎಟಕುವಂಥದಲ್ಲ. ಆದ್ದರಿಂದ ಹಳೆಯದನ್ನು ಕೊಳ್ಳುವುದರಲ್ಲಿ ತಪ್ಪಿಲ್ಲ; ಏನನ್ನು ಕೊಳ್ಳುತ್ತಿದ್ದೇವೆಂಬ ಅರಿವು ಮಾತ್ರ ಇರಬೇಕು.

ಟೇಪೆಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿನೊಡನೆ ಬಳಿದ ಕಬ್ಬಿಣದ ಆಕ್ಸೈಡು, ಅಂದರೆ ಒಂದು ಬಗೆಯ ತುಕ್ಕು. ಸುರುಳಿಯನ್ನು ಬೆಳಕಿಗೆ ಹಿಡಿದು ನೋಡಿ. ಪದರಗಳ ಮೂಲಕ ಬೆಳಕು ತೂರಿ ಬಂದರೆ ಅದು ಅಸಿಟೇಟು, ಹಳೆಯ ಕಾಲದ್ದು; ಎಳೆದರೆ ಥಟ್ಟನೆ ತುಂಡಾಗುತ್ತದೆ. ವಿನೆಗರಿನ ಹುಳಿ ವಾಸನೆ ಬಂದರೆ ಪಟ್ಟಿಯೇ ಕೊಳೆಯುತ್ತಿದೆಯೆಂದು ತಿಳಿಯಬೇಕು. ಬೆಳಕು ತೂರದಿದ್ದರೆ ಬಹುಮಟ್ಟಿಗೆ ಪಾಲಿಯೆಸ್ಟರು; ಅದು ತುಂಡಾಗುವ ಬದಲು ಹಿಗ್ಗುತ್ತದೆ. ಪಾಲಿಯೆಸ್ಟರು ಗಟ್ಟಿಯೆಂದು ನಂಬುವಂತೆಯೂ ಇಲ್ಲ. ಎಪ್ಪತ್ತು, ಎಂಬತ್ತರ ದಶಕಗಳ ಕೆಲವು ಹೆಸರಾಂತ ಟೇಪುಗಳ, ಉದಾಹರಣೆಗೆ ಆಂಪೆಕ್ಸ್ 456ರ, ಅಂಟು ಗಾಳಿಯ ತೇವವನ್ನು ಹೀರಿ ಜಿಗುಟಾಗುತ್ತದೆ. ಯಂತ್ರದಲ್ಲಿ ಓಡಿಸಿದರೆ ಕೀರಲು ಸದ್ದು. ಹೆಡ್ಡಿನ ಮೇಲೆ ಕಂದು ಮೇಣದಂಥ ಕಸ. ನಮ್ಮ ಮುಂಬಯಿಯ ಮಳೆಗಾಲವಂತೂ ಈ ರೋಗಕ್ಕೆ ತವರುಮನೆ. ಇಂಥ ಟೇಪನ್ನು ಸುಮಾರು 50ರಿಂದ 55 ಡಿಗ್ರಿ ಸೆಲ್ಸಿಯಸ್ ಹದವಾದ ಶಾಖದಲ್ಲಿ ಹಲವು ತಾಸು ಇಟ್ಟರೆ ಕೆಲವು ವಾರಗಳ ಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಒಳಗಿನ ದನಿಯನ್ನು ನಕಲು ಮಾಡಿಕೊಳ್ಳಲು ಅಷ್ಟು ಸಾಕು, ಹೊಸದಾಗಿ ಮುದ್ರಿಸಲು ಸಾಲದು. ಅಸಿಟೇಟಿಗಂತೂ ಈ ಚಿಕಿತ್ಸೆ ಸಲ್ಲದು. ಇದಿಷ್ಟು ಕೊಳ್ಳುವವನ ಹಿತ.

ಇನ್ನು ಟೇಪಿನೊಳಗಿದ್ದವರ ಹಿತದ ಮಾತು. ಕಳೆದ ವರ್ಷ ನಾನು ಕೊಂಡ ಸುರುಳಿಯೊಂದರ ಡಬ್ಬಿಯ ಮೇಲೆ ಹಿಂದಿ ಚಿತ್ರಗೀತೆಗಳೆಂದು ಬರೆದಿತ್ತು. ಚಿತ್ರಗೀತೆಗಳೇನೋ ಇದ್ದವು. 7 ಅಂಗುಲದ ಸುರುಳಿಯಲ್ಲಿ 1200 ಅಡಿ ಟೇಪು. ಸೆಕೆಂಡಿಗೆ ಏಳೂವರೆ ಅಂಗುಲ ವೇಗದಲ್ಲಿ 32 ನಿಮಿಷ ಓಡುತ್ತದೆ. ಹಾಡುಗಳು ಇಪ್ಪತ್ತಕ್ಕೆ ಮುಗಿದವು. ಅನಂತರ ಉಳಿದ ಬಾಲದಲ್ಲಿ ಯಾರೋ ಅವಸರದಿಂದ ಮಾತನಾಡುತ್ತಿರುವ ಸದ್ದು. ವೇಗವನ್ನು ಅರ್ಧಕ್ಕಿಳಿಸಿದಾಗ ಅದು ತಾಳಮದ್ದಳೆಯ ಕೃಷ್ಣ ಸಂಧಾನ! ಕೌರವನ ಅರ್ಥಧಾರಿ ಪಾಂಡವರಿಗೆ ಐದು ಊರನ್ನೂ ಏಕೆ ಕೊಡಲಾರೆನೆಂಬುದನ್ನು ಹಿಸ್ಸೆ ಪತ್ರದ ಭಾಷೆಯಲ್ಲಿ ವಾದಿಸುತ್ತಿದ್ದ, ಸಭಿಕರು ನಗುತ್ತಿದ್ದರು. ಆತ ಯಾರೆಂದು ಗುರುತಾಗಿಲ್ಲ. ಕೃಷ್ಣನ ಉತ್ತರ ಬರುವಷ್ಟರಲ್ಲಿ ಟೇಪು ಮುಗಿಯುತ್ತದೆ. ಅದಕ್ಕೆ ಮೊದಲಿನ ಭಾಗವೆಲ್ಲ ಆ ಇಪ್ಪತ್ತು ನಿಮಿಷದ ಹಾಡುಗಳ ಕೆಳಗೆ ಅಳಿದುಹೋಗಿದೆ.

ತಾಳಮದ್ದಳೆಯಲ್ಲಿ ಪದ್ಯಕ್ಕೆ ಪುಸ್ತಕವಿದೆ, ಅರ್ಥಕ್ಕಿಲ್ಲ. ಅದು ಆ ರಾತ್ರಿ ಹುಟ್ಟಿ ಆ ರಾತ್ರಿಯೇ ಮುಗಿಯುವಂಥದು. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಮಹನೀಯರ ಅರ್ಥಗಾರಿಕೆ ನಮಗೆ ಇಂದು ದೊರೆಯುತ್ತಿದ್ದರೆ ಅದರ ಋಣ ಬಹುಪಾಲು ಸಭೆಯಲ್ಲಿ ಕ್ಯಾಸೆಟ್ಟು ತಿರುಗಿಸುತ್ತ ಕುಳಿತ ಅಭಿಮಾನಿಗಳಿಗೆ ಸಲ್ಲಬೇಕು. ಪತ್ತನಾಜೆ ಕಳೆದು ಮೇಳಗಳು ತಿರುಗಾಟ ಮುಗಿಸಿದ ಮೇಲೆ ಕಲಾವಿದರು ಈ ನಗರಕ್ಕೆ ಬರುತ್ತಿದ್ದರು. ಅವರ ಮಾತಿಗೆ ಕಿವಿಗೊಟ್ಟವರಲ್ಲಿ ಹೋಟೆಲು ಕಾರ್ಮಿಕರಿದ್ದರು, ರಾತ್ರಿಶಾಲೆಯಲ್ಲಿ ಓದುತ್ತಿದ್ದ ಹುಡುಗರಿದ್ದರು. ಸರ್ಕಾರಿ ಸಂಗ್ರಹಗಳು ದೊಡ್ಡವರ ದನಿಯನ್ನು ಕಾಪಾಡಿಯಾವು. ಇವರ ದನಿಗೆ ಇರುವ ನೆಲೆ ಚಾಳಿನ ಅಟ್ಟವೊಂದೇ; ಚಾಳು ಕೆಡವಿದ ದಿನ ಅಟ್ಟದ್ದೆಲ್ಲ ಗುಜರಿಗೆ ಹೋಗುತ್ತದೆ.

ಅಳಿಸಿ ಬಳಸುವ ಚಾಳಿ ಬಡವರದಷ್ಟೇ ಅಲ್ಲ. 1969ರಲ್ಲಿ ಮನುಷ್ಯ ಚಂದ್ರನ ಮೇಲೆ ನಡೆದ ದೃಶ್ಯದ ಮೂಲ ಸಂಕೇತಗಳಿದ್ದ ಟೇಪುಗಳನ್ನು ಹುಡುಕಿ ಸೋತ ನಾಸಾ ಸಂಸ್ಥೆ, ಅವುಗಳನ್ನು ಅಳಿಸಿ ಮರುಬಳಸಿರಬೇಕೆಂದು 2009ರಲ್ಲಿ ಹೇಳಿತು. ಕಾರಣ ಸರಳ, ಟೇಪಿನ ಅಭಾವ. ನಾನು ಕೇಂದ್ರ ಸರ್ಕಾರದ ನೌಕರ. ನಮ್ಮಲ್ಲಿ ಒಂದು ಹಳೆಯ ಕಡತವನ್ನು ನಾಶಮಾಡಬೇಕಾದರೂ ಅದನ್ನು ಪರಿಶೀಲಿಸಿ ವರ್ಗೀಕರಿಸಿರಬೇಕು. 1993ರ ಸಾರ್ವಜನಿಕ ದಾಖಲೆಗಳ ಕಾಯಿದೆ ಅದಕ್ಕೆ ಕ್ರಮ ವಿಧಿಸಿದೆ. ಯಾವ ಗುಮಾಸ್ತನ ರಜಾ ಅರ್ಜಿಗೂ ಸಲ್ಲುವ ಆ ಗೌರವ ಆ ಅನಾಮಿಕ ಕೌರವನಿಗೆ ಸಲ್ಲಬಾರದೇ?

ತರುಣರಲ್ಲಿ ನನ್ನ ವಿನಂತಿಯಿಷ್ಟು. ಡಬ್ಬಿಯ ಬರಹವನ್ನು ನಂಬಬೇಡಿ. ಸುರುಳಿಯ ಕೊನೆಯವರೆಗೆ ಕೇಳಿ, ಮಗುಚಿ ಹಾಕಿ ಇನ್ನೊಮ್ಮೆ ಕೇಳಿ. ಮನೆಯ ಯಂತ್ರಗಳು ಎರಡು ದಿಕ್ಕಿನಲ್ಲೂ ಮುದ್ರಿಸುತ್ತಿದ್ದವು. ಕಡಿಮೆ ವೇಗದಲ್ಲಿಯೂ ಪರೀಕ್ಷಿಸಿ. ಬಿಳಿಯ ಬೂಷ್ಟು ಕಂಡರೆ ಯಂತ್ರಕ್ಕೆ ಹಾಕಲೇಬೇಡಿ. ಕನ್ನಡ, ತುಳು, ಕೊಂಕಣಿ ಯಾವುದೇ ಮಾತು ಕಿವಿಗೆ ಬಿದ್ದರೆ ಮುದ್ರಣದ ಗುಂಡಿಯ ಮೇಲಿನ ಕೈ ತೆಗೆದು ಸುರುಳಿಯನ್ನು ಸಂಘದ ಕಚೇರಿಗೆ ತನ್ನಿ. ಅದರ ಬದಲಿಗೆ ಅಷ್ಟೇ ಉದ್ದದ ಬೇರೆ ಟೇಪನ್ನು ನನ್ನ ಖರ್ಚಿನಲ್ಲಿ ಕೊಡುತ್ತೇನೆ. ಬರಿಯ ಮದುವೆಯ ವಾಲಗವಾದರೆ ಏನು ಮಾಡಬೇಕೆಂದು ಒಬ್ಬರು ಆಗಲೇ ಕೇಳಿದರು. ಅದನ್ನೂ ತನ್ನಿ, ಯಾರ ಮದುವೆಯೆಂದು ಇಲ್ಲಿನ ಹಿರಿಯರಲ್ಲಿ ವಿಚಾರಿಸೋಣ.