ವಿಚ್ಛೇದನದ ಕಾಯಿದೆಯೂ ತಾಯಿಮಕ್ಕಳ ಆಸರೆಯೂ
(ಶಂಕರಪುರದಲ್ಲಿ ಮಾಡಿದ ಭಾಷಣ)



ವಿವಾಹವಿಚ್ಛೇದನವೆಂದೊಡನೆ ಅದು ಪರದೇಶದಿಂದ ಬಂದ ಅನಾಚಾರವೆನ್ನುವವರುಂಟು. ತುಳುನಾಡಿನವರಾದ ನಾವು ಈ ಮಾತನ್ನು ಒಪ್ಪುವುದು ಹೇಗೆ? ಅಳಿಯಸಂತಾನದ ಮನೆತನಗಳಲ್ಲಿ ದಾಂಪತ್ಯವು ಕೂಡಿಬಾರದಿದ್ದಾಗ ಬಿಡುಗಡೆಯು ರೂಢಿಯಲ್ಲಿಯೇ ಇದ್ದಿತು. ಬಿಡುಗಡೆ ಹೊಂದಿದವಳಿಗೆ ತಾಯಿಯ ಕುಟುಂಬದ ಮನೆಯಿತ್ತು. ಅವಳ ಮಕ್ಕಳೂ ಆ ಕುಟುಂಬಕ್ಕೇ ಸೇರಿದವರು. ತಂದೆಯ ಹೊಣೆ ಸಡಿಲವಾಗಿದ್ದುದು ಆ ಪದ್ಧತಿಯ ದೋಷವೇ ಸರಿ. ಆದರೆ ತಾಯಿಮಕ್ಕಳಿಗೆ ತಲೆಯ ಮೇಲೊಂದು ಸೂರಿತ್ತು. 1949ರ ಮದ್ರಾಸು ಅಳಿಯಸಂತಾನ ಕಾಯಿದೆಯು ಆ ವಿವಾಹಕ್ಕೂ ವಿಚ್ಛೇದನಕ್ಕೂ ಶಾಸನದ ರೂಪವನ್ನಿತ್ತು, ಕುಟುಂಬದ ಆಸ್ತಿಯ ಪಾಲಿಗೂ ದಾರಿ ತೆರೆಯಿತು. ಆಸ್ತಿಗಳು ಪಾಲಾದಂತೆ ಆ ಹಳೆಯ ಆಸರೆಯೂ ಕುಗ್ಗಿತು.

ನಮ್ಮ ನೆರೆಯ ಕ್ರೈಸ್ತ ಸೋದರಿಯರ ಪಾಡು ಬೇರೆಯಾಗಿತ್ತು. 1869ರ ಕಾಯಿದೆಯಂತೆ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದನ್ನು ರುಜುಪಡಿಸಿದರೆ ಸಾಕು. ಹೆಂಡತಿಯಾದರೋ ಸಾಮಾನ್ಯವಾಗಿ ವ್ಯಭಿಚಾರದೊಡನೆ ಕ್ರೌರ್ಯವನ್ನೋ ಎರಡು ವರ್ಷಗಳ ಪರಿತ್ಯಾಗವನ್ನೋ ಕೂಡ ರುಜುಪಡಿಸಬೇಕಾಗಿತ್ತು. ಒಂದೇ ತಪ್ಪಿಗೆ ಎರಡು ತಕ್ಕಡಿ! ಈ ಅನ್ಯಾಯವು ನೀಗಿದ್ದು 2001ರಲ್ಲಿ, ಎಂದರೆ 132 ವರ್ಷಗಳ ತರುವಾಯ. ಹಿಂದೂ ವಿವಾಹಕ್ಕೆ 1955ರಲ್ಲಿ ಕಾಯಿದೆಯಾಯಿತು. ಪರಸ್ಪರ ಸಮ್ಮತಿಯ ವಿಚ್ಛೇದನವು 1976ರಲ್ಲಿ ಅದಕ್ಕೆ ಸೇರಿತು.

ಹೀಗೆ ಬಾಗಿಲು ತೆರೆದಿದೆ. ಆದರೆ ಆ ಬಾಗಿಲಿನಿಂದ ಹೊರಬಂದವಳು ಯಾವ ಮನೆಯನ್ನು ಹೊಗಬೇಕು? ಮಲ್ಲಿಗೆ ಕಟ್ಟಿ ಬದುಕಲಿ ಎನ್ನುವುದು ಸುಲಭ. ಅಟ್ಟೆಯ ಬೆಲೆಯು ದಿನದಿನಕ್ಕೂ ಏರಿಳಿಯುವುದು; ಮಗುವಿನ ಹಸಿವು ಬೆಲೆ ನೋಡಿ ಇಳಿಯುವುದಿಲ್ಲ.

ಆದುದರಿಂದ ಜೀವನಾಂಶವೇ ಈ ವಿಷಯದ ತಿರುಳು. ಈಗ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಿನಂತೆ ನಿರ್ಗತಿಕಳಾದ ಹೆಂಡತಿಯೂ, ಪುನರ್ವಿವಾಹವಾಗದ ವಿಚ್ಛೇದಿತೆಯೂ, ಅಪ್ರಾಪ್ತವಯಸ್ಕ ಮಕ್ಕಳೂ ಜೀವನಾಂಶವನ್ನು ಬೇಡಬಹುದು. ಮಧ್ಯಂತರ ಜೀವನಾಂಶದ ಅರ್ಜಿಯು, ನೋಟೀಸು ಜಾರಿಯಾದ 60 ದಿನಗಳೊಳಗೆ, ಸಾಧ್ಯವಾದಮಟ್ಟಿಗೆ ಇತ್ಯರ್ಥವಾಗತಕ್ಕದ್ದು. ಅರ್ಜಿ ಕೊಟ್ಟ ದಿನದಿಂದಲೇ ಜೀವನಾಂಶ ಸಲ್ಲಬೇಕೆಂದು ಸುಪ್ರೀಂ ಕೋರ್ಟು 2020ರಲ್ಲಿ ತೀರ್ಪಿತ್ತಿದೆ. ಬಲ್ಲವರು ಇದನ್ನು ಅರಿಯದವರಿಗೆ ತಿಳಿಸಿಕೊಡಬೇಕು.

ಹಿರಿಯರಲ್ಲಿ ಒಂದು ಬಿನ್ನಹ. “ಹೇಗಾದರೂ ಹೊಂದಿಕೊಂಡು ಹೋಗು” ಎಂದು ಪೆಟ್ಟು ತಿಂದ ಮಗಳನ್ನು ಮತ್ತೆ ಅದೇ ಮನೆಗೆ ನೂಕುವುದು ಸಂಧಾನವಲ್ಲ. ರಾಜಿಯಾಗುವಲ್ಲಿ ರಾಜಿ ಮಾಡಿಸಿರಿ. ಆಗದಲ್ಲಿ ತವರಿನ ಬಾಗಿಲನ್ನು ಮುಚ್ಚದಿರಿ. ಉಪಾಧ್ಯಾಯರಲ್ಲಿಯೂ ಒಂದು ಮಾತು: ತಂದೆತಾಯಿಗಳ ವ್ಯಾಜ್ಯದ ಸುದ್ದಿಯನ್ನು ಮಗುವಿನ ಬಾಯಿಂದ ಹೊರಡಿಸಬೇಡಿರಿ, ಆ ಮಗುವು ಶಾಲೆಯಲ್ಲಾದರೂ ಉಳಿದ ಮಕ್ಕಳಂತೆ ಇರಲಿ.

ಗಂಡಹೆಂಡಿರ ನಂಟನ್ನು ನ್ಯಾಯಾಲಯವು ಬಿಡಿಸಬಲ್ಲದು. ತಂದೆಯ ಋಣವನ್ನು ಯಾವ ತೀರ್ಪೂ ಬಿಡಿಸಲಾರದು. ಅದನ್ನು ಸಲ್ಲಿಸದವನಿಗೆ ಊರಿನ ಪಂಕ್ತಿಯಲ್ಲಿ ಮರ್ಯಾದೆ ಸಲ್ಲಬಾರದು.