ನೋವು ನಿಂತಂತೆ ತೋರಿದಾಗ

ಹೊಟ್ಟೆನೋವೆಂಬುದು ವೈದ್ಯರವರೆಗೆ ಒಯ್ಯತಕ್ಕ ವಿಷಯವಲ್ಲವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಓಮದ ನೀರು, ಅದಕ್ಕೂ ಬಗ್ಗದಿದ್ದರೆ ಹರಳೆಣ್ಣೆ, ಕೊನೆಗೆ ದೃಷ್ಟಿ ತೆಗೆಯುವುದು. ಬಹುಪಾಲು ನೋವುಗಳು ಇವುಗಳಿಂದಲೋ, ಇವುಗಳಿಲ್ಲದೆಯೋ ವಾಸಿಯಾಗುವುದುಂಟು. ಆದರೆ ವಾಸಿಯಾದಂತೆ ನಟಿಸಿ ಪ್ರಾಣಕ್ಕೆ ಎರವಾಗುವ ನೋವೊಂದಿದೆ. ಅದನ್ನು ಕುರಿತು ನಾಲ್ಕು ಮಾತು.

ಗುಂಡ್ಲುಪೇಟೆಯ ಕಡೆಯ ರೈತನೊಬ್ಬನನ್ನು ಕಲ್ಪಿಸಿಕೊಳ್ಳಿ. ಬೀಡಿಯ ಅಭ್ಯಾಸವುಂಟು. ಮಂಡಿನೋವಿಗೆಂದು ಅಂಗಡಿಯ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದ್ದಾನೆ. ಒಂದು ಬೆಳಗ್ಗೆ ಅರಿಸಿನದ ಹೊಲದಲ್ಲಿ, ಚೂರಿಯಿಂದ ತಿವಿದಂತೆ ಮೇಲ್ಹೊಟ್ಟೆಯಲ್ಲಿ ನೋವು. ಜಠರದಲ್ಲೋ ಸಣ್ಣಕರುಳಿನ ಮೊದಲಲ್ಲೋ ಇದ್ದ ಹುಣ್ಣು ತೂತಾಗಿ, ಒಳಗಿನ ಆಮ್ಲ ಉದರದೊಳಕ್ಕೆ ಚೆಲ್ಲಿದೆ. ಹೊಟ್ಟೆ ಹಲಗೆಯಂತೆ ಬಿಗಿಯುತ್ತದೆ. ಮೂತ್ರಪಿಂಡದ ಕಲ್ಲಿನ ನೋವಿನವನು ಹೊರಳಾಡುತ್ತಾನೆ. ಇವನು ಮಾತ್ರ ಅಲುಗಾಡಲಾರ, ಉಸಿರನ್ನೂ ಮೇಲೆಮೇಲೆಯೇ ಎಳೆಯುತ್ತಾನೆ.

ಕೆಲವು ಗಂಟೆ ಕಳೆದ ಮೇಲೆ ವಿಚಿತ್ರವೊಂದು ನಡೆಯುತ್ತದೆ. ಉದರದ ಪೊರೆ ತಾನೇ ನೀರನ್ನು ಒಸರಿ ಆಮ್ಲವನ್ನು ತೆಳುವಾಗಿಸುತ್ತದೆ. ನೋವು ತಗ್ಗುತ್ತದೆ. ‘ಈಗ ಪರವಾಗಿಲ್ಲ, ನಾಳೆ ನೋಡೋಣ’ ಎನ್ನುತ್ತಾನೆ ರೋಗಿ. ಮನೆಯವರಿಗೂ ಸಮಾಧಾನ, ಕಟ್ಟಿದ ಗಾಡಿಯನ್ನು ಬಿಚ್ಚುತ್ತಾರೆ. ಆ ಹೊತ್ತಿನಲ್ಲೇ ಒಳಗೆ ಕೀವಿಗೆ ಕಾರಣವಾದ ಸೂಕ್ಷ್ಮಜೀವಿಗಳು ಬೆಳೆಯುತ್ತಿರುತ್ತವೆ. ಮರುದಿನ ಹೊಟ್ಟೆ ಉಬ್ಬಿ, ನಾಡಿ ಓಡಿ, ಕೈಕಾಲು ತಣ್ಣಗಾದಾಗ ಅವಸರಪಟ್ಟು ಹೊರಡುತ್ತಾರೆ.

ಹಾಂಗ್‌ಕಾಂಗಿನ ಬೋಯಿ ಮತ್ತು ಅವರ ಸಂಗಡಿಗರು 1987ರಲ್ಲಿ ಇಂಥ ರೋಗಿಗಳನ್ನು ಪರಿಶೀಲಿಸಿ, ಅಪಾಯದ ಮೂರು ಗುರುತುಗಳನ್ನು ಹೇಳಿದರು: ಮೊದಲೇ ಇದ್ದ ಬೇರೆ ದೊಡ್ಡ ಕಾಯಿಲೆ, ಶಸ್ತ್ರಕ್ರಿಯೆಗೆ ಮುನ್ನ ರಕ್ತದೊತ್ತಡ ಕುಸಿದಿರುವುದು, ತೂತಾಗಿ 24 ಗಂಟೆ ಮೀರಿರುವುದು. ಮೊದಲನೆಯದು ನಮ್ಮ ಕೈಯಲ್ಲಿಲ್ಲ. ಗಂಟೆಗಳು ಮಾತ್ರ ಬಹುಮಟ್ಟಿಗೆ ನಮ್ಮವೇ.

ಬೇಗ ಬಂದವನಿಗೆ ಮಾಡಬೇಕಾದ ಕೆಲಸ ಅಷ್ಟು ಘೋರವಾದುದಲ್ಲ. ನಿಲ್ಲಿಸಿ ತೆಗೆದ ಕ್ಷ-ಕಿರಣ ಚಿತ್ರದಲ್ಲಿ, ವಪೆಯ ಕೆಳಗೆ ಕುಡುಗೋಲಿನಂಥ ಕಪ್ಪು ಗೆರೆ ಹಲವರಲ್ಲಿ ಕಾಣುತ್ತದೆ. ಅದು ತೂತಿನಿಂದ ಹೊರಬಿದ್ದ ಗಾಳಿ. ಕರುಳಿನ ಮುಂದೆ ತೆರೆಯಂತೆ ಇಳಿಬಿದ್ದ ಕೊಬ್ಬಿನ ಪೊರೆಯನ್ನೇ ತೇಪೆಯಾಗಿಟ್ಟು ಹೊಲಿಯುವ ವಿಧಾನವನ್ನು ಕೆನಡಾದ ಗ್ರಹಾಂ 1937ರಲ್ಲಿ ವಿವರಿಸಿದರು. ಇಂದಿಗೂ ಅದೇ ರೂಢಿ. ಹುಣ್ಣಿಗೆ ಖಾರವೇ ಮೂಲವೆಂಬ ಅಪವಾದವನ್ನು ಆಸ್ಟ್ರೇಲಿಯಾದ ವಾರೆನ್ ಮತ್ತು ಮಾರ್ಷಲ್ ತೊಡೆದರು. 1982ರಲ್ಲಿ ಅವರು ಬೆಳೆಸಿದ ಸೂಕ್ಷ್ಮಜೀವಿಯೂ, ನೋವಿನ ಮಾತ್ರೆಗಳೂ ಮುಖ್ಯ ಕಾರಣಗಳು. 2005ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ಮೆಣಸಿನಕಾಯಿಗೆ ಯಾರೂ ಕ್ಷಮೆ ಕೇಳಿದಂತಿಲ್ಲ!

ಚಾಮರಾಜನಗರ ಜಿಲ್ಲೆಯಾದದ್ದು 1997ರಲ್ಲಿ. ಆಗಲೂ ದೊಡ್ಡ ಶಸ್ತ್ರಕ್ರಿಯೆಯೆಂದರೆ ಮೈಸೂರಿನ ಕೆ. ಆರ್. ಆಸ್ಪತ್ರೆಯ ದಾರಿ, ಸುಮಾರು 60 ಕಿಲೋಮೀಟರು. 2016ರಲ್ಲಿ ಚಾಮರಾಜನಗರದಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ದಾರಿ ಕುಗ್ಗಿದೆ, ಮನೆಯ ಜಗಲಿಯ ಮೇಲೆ ಕಳೆಯುವ ರಾತ್ರಿ ಕುಗ್ಗಬೇಕಾಗಿದೆ.

ಹೀಗೆ ನೋವು ಬಂದವನಿಗೆ ಅನ್ನ, ಕಾಫಿ, ಎಳನೀರು ಯಾವುದನ್ನೂ ಕೊಡಬೇಡಿ, ಹರಳೆಣ್ಣೆಯಂತೂ ಕೂಡದು. ನೋವು ತಗ್ಗಿದರೂ ಪಯಣ ನಿಲ್ಲಿಸಬೇಡಿ. ನೋವು ಹತ್ತಿದ ಗಂಟೆಯನ್ನು ನೆನಪಿಟ್ಟು, ನುಂಗುತ್ತಿದ್ದ ಮಾತ್ರೆಯ ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು ಹೊರಡಿ. ಆಸ್ಪತ್ರೆಯಲ್ಲಿ ಈ ಎರಡನ್ನೂ ಖಂಡಿತ ಕೇಳುತ್ತಾರೆ.